ಡೇರಿ ಚೀಟಿಯಲ್ಲಿ ಇಲ್ಲದ ಲೆಕ್ಕ

2024ರ ಜೂನ್ ಕೊನೆಯಲ್ಲಿ ಕರ್ನಾಟಕ ಹಾಲು ಮಹಾಮಂಡಳದ ಒಂದು ದಿನದ ಸಂಗ್ರಹ ಮೊದಲ ಸಲ ಒಂದು ಕೋಟಿ ಲೀಟರ್ ಮುಟ್ಟಿತು. 1974ರಲ್ಲಿ ಡೇರಿ ಅಭಿವೃದ್ಧಿ ನಿಗಮವಾಗಿ ಶುರುವಾದ ಸಂಸ್ಥೆ ಐವತ್ತನೇ ವರ್ಷಕ್ಕೆ ಏರಿದ ಎತ್ತರ ಅದು. ಸಂಭ್ರಮ ನ್ಯಾಯವಾದದ್ದೇ. ಅಂದು ಕ್ಯಾನಿಗೆ ಬಿದ್ದ ಹಾಲಿನ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಹಸುವಿನ ಕೆಚ್ಚಲಿನಲ್ಲಿ ಹುಟ್ಟಬೇಕಾಗಿದ್ದು, ಸೋಂಕಿನ ದೆಸೆಯಿಂದ ಹುಟ್ಟದೇ ಹೋದ ಹಾಲಿನ ಲೆಕ್ಕ ಎಲ್ಲೂ ಬರಲಿಲ್ಲ. ಅದನ್ನು ಬರೆದಿಡುವ ಪುಸ್ತಕವೇ ನಮ್ಮ ಡೇರಿಗಳಲ್ಲಿಲ್ಲ.

ಕೆಚ್ಚಲು ಬಾವು ಎಂದರೆ ಹಸು ಸಾಕಿದವರಿಗೆಲ್ಲ ಗೊತ್ತು. ಕೆಚ್ಚಲು ಊದಿಕೊಂಡು ಕೆಂಪಾಗುತ್ತದೆ, ಮುಟ್ಟಿದರೆ ಬಿಸಿ, ಹಸು ಒದೆಯುತ್ತದೆ, ಹಾಲು ನೀರಾಗಿಯೋ ಗಡ್ಡೆಗಡ್ಡೆಯಾಗಿಯೋ ಕೆಲವೊಮ್ಮೆ ರಕ್ತ ಬೆರೆತೋ ಬರುತ್ತದೆ. ಆಗ ರೈತ ಡಾಕ್ಟರನ್ನು ಕರೆಸುತ್ತಾನೆ, ಸಾಲ ಮಾಡಿಯಾದರೂ ಇಂಜೆಕ್ಷನ್ ಕೊಡಿಸುತ್ತಾನೆ. ಆದರೆ ಇದು ರೋಗದ ಕಣ್ಣಿಗೆ ಬೀಳುವ ಭಾಗ ಮಾತ್ರ. ಇದಕ್ಕಿಂತ ದೊಡ್ಡದು ಕಾಣದ ಬಾವು. ಕೆಚ್ಚಲು ಮೆತ್ತಗೇ ಇರುತ್ತದೆ, ಹಾಲು ಬೆಳ್ಳಗೇ ಇರುತ್ತದೆ, ಹಸು ಮೇವು ಬಿಡುವುದಿಲ್ಲ. ಒಳಗೆ ಮಾತ್ರ ಮೊಲೆಯ ತೂತಿನಿಂದ ಹೊಕ್ಕ ಬ್ಯಾಕ್ಟೀರಿಯಾ ಹಾಲು ಸ್ರವಿಸುವ ಅಂಗಾಂಶವನ್ನು ಹಾಳು ಮಾಡುತ್ತಿರುತ್ತದೆ. ಅದನ್ನು ಎದುರಿಸಲು ದೇಹ ಬಿಳಿ ರಕ್ತಕಣಗಳನ್ನು ಕೆಚ್ಚಲಿಗೆ ಕಳಿಸುತ್ತದೆ. ಒಂದು ಮಿಲಿಲೀಟರ್ ಹಾಲಿನಲ್ಲಿ ಇಂಥ ಜೀವಕೋಶಗಳು ಎರಡು ಲಕ್ಷ ದಾಟಿದರೆ ಒಳಗೆ ಸೋಂಕು ಇದೆ ಎಂದೇ ಪಶುವೈದ್ಯರು ಹೇಳುತ್ತಾರೆ. ಹಾಲು ದಿನಕ್ಕೆ ಅರ್ಧ ಲೀಟರೋ ಒಂದು ಲೀಟರೋ ಇಳಿಯುತ್ತದೆ. ಮನೆಯವರು ಹಿಂಡಿ ಸರಿಯಿಲ್ಲ ಅನ್ನುತ್ತಾರೆ, ಬಿಸಿಲು ಜಾಸ್ತಿ ಅನ್ನುತ್ತಾರೆ, ಈ ಸೂಲಿನಲ್ಲಿ ಹಸುವೇ ಹೀಗೆ ಅನ್ನುತ್ತಾರೆ.

ಎಷ್ಟು ಹಸುಗಳಲ್ಲಿ ಹೀಗಿದೆ? ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶು ರೋಗ ಸೋಂಕುಶಾಸ್ತ್ರ ಸಂಸ್ಥೆ, ನಿವೇದಿ, ದೇಶವಿದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಭಾರತದಲ್ಲಿ ಕಾಣದ ಬಾವಿನ ಪ್ರಮಾಣ ಶೇ 45, ಕಾಣುವ ಬಾವಿನದು ಶೇ 18. ಜಗತ್ತಿನ ಸರಾಸರಿ ಕ್ರಮವಾಗಿ ಶೇ 42 ಮತ್ತು 15. ನಾವು ಜಗತ್ತಿಗಿಂತ ತೀರಾ ಹಿಂದೆ ಏನೂ ಇಲ್ಲ. ಹಾಗೆಂದು ಸಮಾಧಾನ ಪಡುವ ಸಂಖ್ಯೆಯೂ ಇದಲ್ಲ. ಸಾಲಾಗಿ ಕಟ್ಟಿದ ಹತ್ತು ಹಸುಗಳಲ್ಲಿ ನಾಲ್ಕೈದಕ್ಕೆ ಯಾರಿಗೂ ಗೊತ್ತಿಲ್ಲದ ರೋಗವಿದೆ ಎಂದರ್ಥ.

ನಷ್ಟ ಎಷ್ಟು ಎಂಬ ಪ್ರಶ್ನೆಗೂ ಉತ್ತರಗಳಿವೆ. 2001ರ ಒಂದು ಅಂದಾಜು ದೇಶಕ್ಕೆ ವರ್ಷಕ್ಕೆ ಸುಮಾರು 6,053 ಕೋಟಿ ರೂಪಾಯಿ ಎಂದಿತು, ಅದರಲ್ಲಿ ಸುಮಾರು ಮುಕ್ಕಾಲು ಪಾಲು ಕಾಣದ ಬಾವಿನದು. 2009ರ ಇನ್ನೊಂದು ಅಂದಾಜು 7,165 ಕೋಟಿ. ಪಶುಸಂಗೋಪನೆಯ ಭಾಷಣಗಳಲ್ಲಿ, ಪ್ರಬಂಧಗಳ ಮೊದಲ ಪುಟದಲ್ಲಿ ಈ ಸಂಖ್ಯೆಗಳು ಇಂದಿಗೂ ತಿರುಗುತ್ತಿವೆ. ಕೇಳಿದವರು ಹುಬ್ಬೇರಿಸುತ್ತಾರೆ. ಆಮೇಲೆ ಎದ್ದು ಊಟಕ್ಕೆ ಹೋಗುತ್ತಾರೆ. ಏಕೆಂದರೆ ಏಳು ಸಾವಿರ ಕೋಟಿ ಎಂಬ ಸಂಖ್ಯೆ ಯಾರಿಗೂ ಏನನ್ನೂ ಮಾಡಲು ಹೇಳುವುದಿಲ್ಲ.

ಈ ತೊಡಕನ್ನು ಬಿಡಿಸಿ ತೋರಿಸಿದವರು ಬ್ರಿಟನ್ನಿನ ಕೃಷಿ ಅರ್ಥಶಾಸ್ತ್ರಜ್ಞ ಜಾನ್ ಮೆಕಿನರ್ನಿ. 1992ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಬರೆದ ಪ್ರಬಂಧದಲ್ಲಿ ಅವರು ಕೆಚ್ಚಲು ಬಾವನ್ನೇ ಉದಾಹರಣೆಯಾಗಿ ಹಿಡಿದರು. ರೋಗದ ವೆಚ್ಚದಲ್ಲಿ ಎರಡು ಪಾಲು: ರೋಗದಿಂದ ಕಳೆದುಕೊಂಡದ್ದು ಒಂದು, ರೋಗ ತಡೆಯಲು ಕೈಯಿಂದ ಹಾಕಿದ್ದು ಇನ್ನೊಂದು. ತಡೆಗೆ ಮೊದಲು ಹಾಕಿದ ನೂರು ರೂಪಾಯಿ ಬಹಳಷ್ಟು ನಷ್ಟ ತಪ್ಪಿಸುತ್ತದೆ. ಮುಂದಿನ ನೂರು ಅಷ್ಟು ತಪ್ಪಿಸುವುದಿಲ್ಲ. ಒಂದು ಹಂತ ದಾಟಿದ ಮೇಲೆ ಹಾಕಿದ್ದು ಉಳಿದದ್ದಕ್ಕಿಂತ ಹೆಚ್ಚಾಗುತ್ತದೆ. ಎರಡು ಪಾಲನ್ನೂ ಕೂಡಿದಾಗ ಮೊತ್ತ ಎಲ್ಲಿ ಅತಿ ಕಡಿಮೆಯೋ ಅಲ್ಲಿ ನಿಲ್ಲಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಟ್ಟು ನಷ್ಟ ಎಷ್ಟು ಎಂಬುದಲ್ಲ. ಅದರಲ್ಲಿ ಲಾಭವಾಗುವಂತೆ ತಪ್ಪಿಸಬಹುದಾದದ್ದು ಎಷ್ಟು, ಅದಕ್ಕೆ ಯಾರ ಜೇಬಿನಿಂದ ಎಷ್ಟು ಹೋಗಬೇಕು ಎಂಬುದು.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳದಿರುವುದಕ್ಕೆ ಕಾರಣ ಹುಡುಕಿದರೆ ಅದು ಡೇರಿ ಕೊಡುವ ಚೀಟಿಯಲ್ಲೇ ಸಿಗುತ್ತದೆ. ಬೆಳಿಗ್ಗೆ ಸಂಜೆ ಹಾಲು ಹಾಕಿದಾಗ ಕೈಗೆ ಬರುವ ಚೀಟಿಯಲ್ಲಿ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಹಣ ಎಷ್ಟು ಎಂದಿರುತ್ತದೆ. ರೈತ ಕಲಿತದ್ದು ಈ ಚೀಟಿಯಿಂದ. ಫ್ಯಾಟಿಗೆ ಹತ್ತಿ ಬೀಜ, ಹಾಲಿಗೆ ಹಸಿ ಮೇವು, ಎಸ್‌ಎನ್‌ಎಫ್‌ಗೆ ಖನಿಜ ಮಿಶ್ರಣ ಎಂಬ ತಿಳಿವಳಿಕೆ ಹಳ್ಳಿಹಳ್ಳಿಗೆ ಹರಡಿದ್ದು ದರ ಅದರ ಮೇಲೆ ನಿಂತಿದ್ದರಿಂದಲೇ. ಕೆಚ್ಚಲ ಆರೋಗ್ಯಕ್ಕೆ ಚೀಟಿಯಲ್ಲಿ ಜಾಗವಿಲ್ಲ.

ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ಸೋಂಕು ತಗುಲಿದ ಕೆಚ್ಚಲಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಡಿಮೆಯಾಗುತ್ತದೆ, ಕೇಸೀನ್ ಎಂಬ ಮುಖ್ಯ ಪ್ರೋಟೀನ್ ಕುಗ್ಗುತ್ತದೆ, ರಕ್ತದಿಂದ ಉಪ್ಪಿನ ಅಂಶ ಸೋರಿ ಒಳಬರುತ್ತದೆ. ಬಾವು ಬಂದ ಹಸುವಿನ ಹಾಲು ಉಪ್ಪುಪ್ಪಾಗಿರುವುದು ಇದರಿಂದ. ಲ್ಯಾಕ್ಟೋಸ್ ಮತ್ತು ಪ್ರೋಟೀನ್ ಎರಡೂ ಎಸ್‌ಎನ್‌ಎಫ್‌ನ ಭಾಗ. ಅಂದರೆ ಎಸ್‌ಎನ್‌ಎಫ್ 8.5ರಿಂದ ಕೆಳಗಿಳಿದು ದರ ಕಡಿತವಾದಾಗ ಅದರ ಹಿಂದೆ ಕಾಣದ ಬಾವು ಇರುವ ಸಾಧ್ಯತೆ ಉಂಟು. ರೈತ ಮಾತ್ರ ಇನ್ನೊಂದು ಮೂಟೆ ಹಿಂಡಿ ತರುತ್ತಾನೆ, ಇಲ್ಲವೇ ಯಂತ್ರವೇ ಸರಿಯಿಲ್ಲ ಎಂದು ಕಾರ್ಯದರ್ಶಿಯ ಜೊತೆ ಜಗಳವಾಡುತ್ತಾನೆ. ರೋಗದ ದಂಡವನ್ನು ಅವನು ಈಗಾಗಲೇ ಕಟ್ಟುತ್ತಿದ್ದಾನೆ, ಯಾವ ತಪ್ಪಿಗೆ ಎಂದು ಯಾರೂ ಹೇಳಿಲ್ಲ.

ದರದ ಬಲ ಏನೆಂಬುದಕ್ಕೆ ಬ್ರಿಟನ್ನಿನ ಚರಿತ್ರೆ ನೋಡಬೇಕು. 1960ರ ದಶಕದಲ್ಲಿ ರೆಡಿಂಗ್ ಬಳಿಯ ಶಿನ್‌ಫೀಲ್ಡ್‌ನ ಡೇರಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಿಜವಾದ ಹಟ್ಟಿಗಳಲ್ಲೇ ದೀರ್ಘ ಪ್ರಯೋಗ ನಡೆಸಿ ಐದು ಅಂಶಗಳ ಒಂದು ಕ್ರಮ ರೂಪಿಸಿದರು. ಹಾಲು ಕರೆದ ಕೂಡಲೇ ಮೊಲೆಗಳನ್ನು ಸೋಂಕುನಾಶಕದಲ್ಲಿ ಅದ್ದುವುದು, ಹಾಲು ಬತ್ತಿಸುವಾಗ ನಾಲ್ಕೂ ಮೊಲೆಗಳಿಗೆ ದೀರ್ಘಕಾಲ ಕೆಲಸ ಮಾಡುವ ಆ್ಯಂಟಿಬಯೋಟಿಕ್ ಏರಿಸುವುದು, ಕಾಣುವ ಬಾವಿಗೆ ತಡಮಾಡದೆ ಚಿಕಿತ್ಸೆ, ಹಾಲು ಕರೆಯುವ ಯಂತ್ರದ ನಿರ್ವಹಣೆ, ವಾಸಿಯಾಗದ ಹಸುವನ್ನು ಹಿಂಡಿನಿಂದ ತೆಗೆಯುವುದು. ಆಗ ಅಲ್ಲಿ ನೂರು ಹಸುಗಳ ಹಿಂಡಿನಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ಸಲ ಬಾವು ಕಾಣಿಸಿಕೊಳ್ಳುತ್ತಿತ್ತು. 1980ರ ದಶಕದ ಆರಂಭಕ್ಕೆ ಅದು ಸುಮಾರು ನಲವತ್ತಕ್ಕೆ ಇಳಿಯಿತು. ಕಾಣದ ಬಾವಿನ ಮೇಲೆ ಹಿಡಿತ ಬಿಗಿಯಾದದ್ದು ಇನ್ನೂ ತಡವಾಗಿ. 1991ರಲ್ಲಿ ಅಲ್ಲಿನ ಹಾಲು ಮಾರಾಟ ಮಂಡಳಿ ಜೀವಕೋಶಗಳ ಎಣಿಕೆಯನ್ನು ದರಕ್ಕೆ ಜೋಡಿಸಿತು, ಆಮೇಲೆ ಯುರೋಪಿನ ಒಕ್ಕೂಟ ಮಿಲಿಲೀಟರಿಗೆ ನಾಲ್ಕು ಲಕ್ಷದ ಮಿತಿ ಹಾಕಿತು. ಜ್ಞಾನ ಇಪ್ಪತ್ತು ವರ್ಷದಿಂದ ಕೈಯಲ್ಲಿತ್ತು. ಹಣ ಅದರ ಹಿಂದೆ ನಿಂತ ಮೇಲೆ ಎಣಿಕೆ ಬೇಗ ಬೇಗ ಇಳಿಯಿತು.

ನಮ್ಮ ಹಳ್ಳಿಗೆ ಈ ಕ್ರಮ ಎಷ್ಟರಮಟ್ಟಿಗೆ ಗಿಟ್ಟುತ್ತದೆ? ಒಂದು ಊರಿನ ಲೆಕ್ಕ ಹಾಕಿ ನೋಡಬಹುದು. ಇದು ಅಂದಾಜಿನ ಲೆಕ್ಕ. ದರಗಳನ್ನು ಓದುಗರು ತಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಲಿ. ಊರಲ್ಲಿ ಕರೆಯುವ ಹಸು ನೂರು. ನಿವೇದಿಯ ಪ್ರಮಾಣದಂತೆ 45 ಹಸುಗಳಿಗೆ ಕಾಣದ ಬಾವು. ಪ್ರತಿ ಹಸುವಿಗೆ ದಿನಕ್ಕೆ ಒಂದು ಲೀಟರ್ ಹಾಲು ಕಡಿಮೆ, ಕೈಗೆ ಸಿಗುವ ದರ ಲೀಟರಿಗೆ 35 ರೂಪಾಯಿ, ಇಂಥ ದಿನಗಳು ವರ್ಷಕ್ಕೆ 250 ಎಂದಿಟ್ಟುಕೊಂಡರೆ ಒಂದು ಹಸುವಿನಿಂದ 8,750, ಊರಿಗೆ 3,93,750 ರೂಪಾಯಿ. ಇನ್ನು ಕಾಣುವ ಬಾವು 18 ಹಸುಗಳಿಗೆ. ಔಷಧಿ, ಡಾಕ್ಟರು, ಚೆಲ್ಲಿದ ಹಾಲು ಸೇರಿ ಒಂದಕ್ಕೆ 4,000. ದಿನಕ್ಕೆ 12 ಲೀಟರ್ ಕೊಡುವ ಹಸುವಿನ ಹಾಲನ್ನು ಆರು ದಿನ ಚೆಲ್ಲಿದರೆ ಅದೇ 2,500 ದಾಟುತ್ತದೆ. ಇದರಿಂದ ಊರಿಗೆ 72,000. ಮೊಲೆಯೇ ಶಾಶ್ವತವಾಗಿ ಹೋದ ಹಸುವಿನ ಬೆಲೆ ಇಳಿಯುವುದು ಇದರಲ್ಲಿ ಸೇರಿಲ್ಲ.

ಈಗ ತಡೆಯ ಖರ್ಚು. ಅಯೋಡಿನ್ ದ್ರಾವಣದಲ್ಲಿ ದಿನಕ್ಕೆರಡು ಸಲ ಮೊಲೆ ಅದ್ದಲು ಹಸುವೊಂದಕ್ಕೆ ವರ್ಷಕ್ಕೆ ಚಿಲ್ಲರೆ ದರದಲ್ಲಿ 2,000 ಎಂದಿಟ್ಟರೆ ನೂರು ಹಸುಗಳಿಗೆ ಎರಡು ಲಕ್ಷ. ತಪ್ಪದೆ ಅದ್ದಿದರೆ ಹೊಸ ಸೋಂಕು ಅರ್ಧದಷ್ಟು ಕಡಿಮೆಯಾಗುತ್ತದೆ ಎಂಬುದು ಶಿನ್‌ಫೀಲ್ಡ್ ಪ್ರಯೋಗಗಳ ಕಾಲದಿಂದಲೂ ಕಂಡ ಫಲ. ಎರಡೂ ಬಗೆಯ ನಷ್ಟ ಅರ್ಧವಾದರೆ ಉಳಿಯುವುದು ಸುಮಾರು 2,33,000. ಖರ್ಚು ಕಳೆದರೆ 33,000. ಹಸುವೊಂದಕ್ಕೆ ವರ್ಷಕ್ಕೆ 330 ರೂಪಾಯಿ!

ಈ ಉತ್ತರ ಕಂಡು ಹಲವರಿಗೆ ನಿರಾಸೆಯಾಗಬಹುದು. ಆದರೆ ರೈತ ಏಕೆ ಹಿಂಜರಿಯುತ್ತಾನೆ ಎಂಬುದು ಇಲ್ಲೇ ತಿಳಿಯುತ್ತದೆ. ಅವನ ಅಸಡ್ಡೆಯನ್ನು ದೂರುವ ಅಧಿಕಾರಿಗಳು ಒಮ್ಮೆ ಈ ಲೆಕ್ಕ ಮಾಡಬೇಕು. ಮೊಲೆ ಅದ್ದುವುದು ಹೊಸ ಸೋಂಕನ್ನು ತಡೆಯುತ್ತದೆಯೇ ಹೊರತು ಒಳಗೆ ಕೂತ ಸೋಂಕನ್ನು ತೆಗೆಯುವುದಿಲ್ಲ. ಹಳೆಯ ಸೋಂಕು ಬಹುಮಟ್ಟಿಗೆ ಹೋಗುವುದು ಹಸು ಬತ್ತಿದ ಕಾಲದಲ್ಲಿ, ಚಿಕಿತ್ಸೆ ಕೊಟ್ಟರೆ. ಹಾಗಾಗಿ ಮೊದಲ ವರ್ಷ ಖರ್ಚು ಪೂರ್ತಿ, ಫಲ ಅರೆಬರೆ. ಫಲ ಕೈಗೆ ಹತ್ತುವುದು ಮುಂದಿನ ಸೂಲಿನಲ್ಲಿ. ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲಿ ಸಂಸಾರ ತೂಗಿಸುವ ಎರಡು ಹಸುವಿನ ಮನೆ ಇಷ್ಟು ದಿನ ಕಾಯುವುದು ಕಷ್ಟ. ಅದೇ ದ್ರಾವಣವನ್ನು ಹಾಲು ಒಕ್ಕೂಟ ಸಗಟಾಗಿ ಕೊಂಡು ಅರ್ಧ ಬೆಲೆಗೆ ಕೊಟ್ಟರೆ, ಖರ್ಚು ಒಂದು ಲಕ್ಷಕ್ಕೆ ಇಳಿದು ಉಳಿತಾಯ ಹಸುವೊಂದಕ್ಕೆ 1,330 ರೂಪಾಯಿ ಆಗುತ್ತದೆ. ನಾಲ್ಕು ಪಟ್ಟು. ರೋಗ ಅದೇ, ಔಷಧಿ ಅದೇ. ಕೊಳ್ಳುವ ಕೈ ಬದಲಾಯಿತು, ಅಷ್ಟೆ. ಹಿಂಡಿಯನ್ನು ಸಾಲವಾಗಿ ಕೊಟ್ಟು ಬಟವಾಡೆಯಲ್ಲಿ ಹಿಡಿದುಕೊಳ್ಳುವ ಏರ್ಪಾಡು ಎಷ್ಟೋ ಸಂಘಗಳಲ್ಲಿ ಇದೆ. ಅಯೋಡಿನ್ ಡಬ್ಬಕ್ಕೂ ಅದನ್ನೇ ಮಾಡಲು ಹೊಸ ಕಾನೂನೇನೂ ಬೇಕಿಲ್ಲ.

ಖರ್ಚೇ ಇಲ್ಲದ ಕೆಲಸಗಳೂ ಇವೆ, ಮೆಕಿನರ್ನಿ ಹೇಳಿದ ಮೊದಲ ನೂರು ರೂಪಾಯಿಗೂ ಮೊದಲು ಬರುವಂಥವು. ಕರೆದ ಮೇಲೆ ಮೊಲೆಯ ತೂತು ಪೂರ್ತಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಹಸು ಸಗಣಿ ಗಂಜಳದ ಮೇಲೆ ಮಲಗಬಾರದು. ಕರೆದ ತಕ್ಷಣ ಮುಂದೆ ಹಸಿ ಹುಲ್ಲು ಹಾಕಿದರೆ ಅದು ನಿಂತೇ ತಿನ್ನುತ್ತದೆ. ಹೆಬ್ಬೆರಳು ಮಡಚಿ ಮೊಲೆಯನ್ನು ಒತ್ತಿ ಎಳೆಯುವ ಬದಲು ಪೂರ್ತಿ ಅಂಗೈಯಲ್ಲಿ ಹಿಡಿದು ಕರೆದರೆ ಒಳಪದರಕ್ಕೆ ಗಾಯವಾಗುವುದಿಲ್ಲ. ಸೋಂಕಿರುವ ಹಸುವನ್ನು ಕೊನೆಗೆ ಕರೆದರೆ ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾ ಕರೆಯುವವರ ಕೈಯಿಂದ ಪಕ್ಕದ ಹಸುವಿಗೆ ದಾಟುವುದಿಲ್ಲ. ಕೊನೆಯದನ್ನು ಮಾಡಲು ಯಾವ ಹಸುವಿಗೆ ಸೋಂಕಿದೆ ಎಂದು ಮೊದಲು ಗೊತ್ತಾಗಬೇಕು.

ಗೊತ್ತು ಮಾಡುವುದು ಕಷ್ಟವಲ್ಲ. 1957ರಲ್ಲಿ ಶಾಲ್ಮ್ ಮತ್ತು ನೂರ್ಲ್ಯಾಂಡರ್ ರೂಪಿಸಿದ ಕ್ಯಾಲಿಫೋರ್ನಿಯಾ ಪರೀಕ್ಷೆಗೆ ಬೇಕಾದದ್ದು ನಾಲ್ಕು ಬಟ್ಟಲಿನ ಒಂದು ಪ್ಲಾಸ್ಟಿಕ್ ತಟ್ಟೆ ಮತ್ತು ಮಾರ್ಜಕದಂಥ ಒಂದು ದ್ರಾವಣ. ನಾಲ್ಕು ಮೊಲೆಯ ಹಾಲನ್ನು ನಾಲ್ಕು ಬಟ್ಟಲಿಗೆ ಹಿಂಡಿ, ಅಷ್ಟೇ ದ್ರಾವಣ ಸೇರಿಸಿ ತಟ್ಟೆ ತಿರುಗಿಸಿದರೆ ಸೋಂಕಿರುವ ಮೊಲೆಯ ಹಾಲು ಲೋಳೆಯಾಗುತ್ತದೆ. ದ್ರಾವಣ ಬಿಳಿ ಕಣಗಳನ್ನು ಒಡೆದು ಅವುಗಳೊಳಗಿನ ಡಿಎನ್‌ಎ ಹೊರಬರುವುದರಿಂದ ಆಗುವ ಲೋಳೆ ಅದು. ಪಾಕಿಸ್ತಾನದ ಫೈಸಲಾಬಾದ್ ಕೃಷಿ ವಿಶ್ವವಿದ್ಯಾಲಯದ ಪಶುವೈದ್ಯರು 1990ರ ದಶಕದಲ್ಲಿ ಇದನ್ನು ಇನ್ನೂ ಅಗ್ಗ ಮಾಡಿದರು: ಬಟ್ಟೆ ಒಗೆಯುವ ಸರ್ಫ್ ಪುಡಿಯ ಶೇ 3ರ ದ್ರಾವಣವೂ ಇದೇ ಕೆಲಸ ಮಾಡುತ್ತದೆ ಎಂದು ತೋರಿಸಿದರು. ನೂರು ಮಿಲಿಲೀಟರ್ ನೀರಿಗೆ ಮೂರು ಗ್ರಾಂ ಪುಡಿ. ದಕ್ಷಿಣ ಏಷ್ಯಾದ ಬಡ ರೈತರಿಗೆ ಇಲ್ಲಿಯವರೇ ಮಾಡಿಕೊಟ್ಟ ಇಂಥ ಉಪಕಾರ ಇನ್ನಷ್ಟು ಹೆಸರಾಗಬೇಕಿತ್ತು. ಪರೀಕ್ಷೆ ಮಾಡಿದ ಹಾಲನ್ನು ಚೆಲ್ಲಬೇಕು ಎಂಬುದನ್ನು ಬಿಟ್ಟರೆ ಇದರಲ್ಲಿ ಕಲಿಯಲು ಹೆಚ್ಚೇನಿಲ್ಲ.

ನಷ್ಟ ಕಣ್ಣಿಗೆ ಬೀಳದ ಕಾರಣಕ್ಕೆ ಅದನ್ನು ಕಡಿಮೆ ಅಂದಾಜು ಮಾಡುವುದು ನಮ್ಮವರ ದೌರ್ಬಲ್ಯವೇನಲ್ಲ. ನೆದರ್ಲೆಂಡ್ಸ್‌ನಲ್ಲಿ 64 ಹಟ್ಟಿಗಳ ಲೆಕ್ಕ ತೆಗೆದು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 72ರಷ್ಟು ರೈತರು ತಮ್ಮದೇ ಹಟ್ಟಿಯ ಬಾವಿನ ವೆಚ್ಚವನ್ನು ನಿಜಕ್ಕಿಂತ ಕಡಿಮೆ ಎಂದು ತಿಳಿದಿದ್ದರು. ಕಂಪ್ಯೂಟರಿನಲ್ಲಿ ಪ್ರತಿ ಹಸುವಿನ ದಾಖಲೆ ಇಡುವ ದೇಶದ ಮಾತು ಇದು.

ಬ್ರಿಟಿಷರ ಕ್ರಮದ ಐದನೇ ಅಂಶ ಮಾತ್ರ ಇಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ಯುರೋಪಿನಲ್ಲಿ ವಾಸಿಯಾಗದ ಹಸು ಕಸಾಯಿಖಾನೆಗೆ ಹೋಗುತ್ತದೆ, ಅದರಿಂದ ಬಂದ ಹಣ ಹೊಸ ಹಸುವಿಗೆ ಸೇರುತ್ತದೆ. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ಹತ್ಯೆಯನ್ನು ನಿಷೇಧಿಸುತ್ತದೆ. ಕಾಯ್ದೆಯ ಸರಿತಪ್ಪು ಬೇರೆ ಚರ್ಚೆ. ಅದರ ಆರ್ಥಿಕ ಪರಿಣಾಮ ಮಾತ್ರ ಈ ಲೆಕ್ಕಕ್ಕೆ ಸೇರಲೇಬೇಕು. ಪದೇ ಪದೇ ಬಾವು ಬರುವ ಹಸುವನ್ನು ರೈತ ಒಂದೋ ಸಾಯುವವರೆಗೆ ಸಾಕಬೇಕು, ಇಲ್ಲವೇ ಸಂತೆಯಲ್ಲಿ ಇನ್ನೊಬ್ಬ ರೈತನಿಗೆ ಮಾರಬೇಕು. ಎರಡನೆಯದೇ ಹೆಚ್ಚು. ಹಸುವಿನ ಜೊತೆ ಸೋಂಕೂ ಮತ್ತೊಂದು ಕೊಟ್ಟಿಗೆಗೆ ಹೋಗುತ್ತದೆ, ಅಲ್ಲಿ ಒಂದೇ ಕೈಯಿಂದ ಕರೆಸಿಕೊಳ್ಳುವ ಬೇರೆ ಹಸುಗಳಿಗೆ ಹರಡುತ್ತದೆ. ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಎಷ್ಟನೇ ಸೂಲು ಎಂದು ಕೇಳುತ್ತಾನೆ. ಎಂಬತ್ತು ಸಾವಿರ ಎಣಿಸುವ ಮೊದಲು ನಾಲ್ಕು ಬಟ್ಟಲಿಗೆ ನಾಲ್ಕು ಧಾರೆ ಹಾಲು ಹಿಂಡಿ ನೋಡುವ ಪದ್ಧತಿ ಸಂತೆಗಳಲ್ಲಿ ಬೆಳೆದಿಲ್ಲ. ಕೈಬಿಡಲಾಗದ ಹಸುವಿಗೆ ರೋಗ ಬಾರದಂತೆ ತಡೆಯುವುದರ ಬೆಲೆ ಕೈಬಿಡಬಹುದಾದ ದೇಶಕ್ಕಿಂತ ಇಲ್ಲಿ ಹೆಚ್ಚು. ಸರ್ಕಾರ ಕಾಯ್ದೆ ತಂದ ಮೇಲೆ ತಡೆಯ ಖರ್ಚಿನಲ್ಲಿ ಪಾಲು ಹೊರುವುದು ಅದರ ಹೊಣೆಯೂ ಹೌದು.

ಆ್ಯಂಟಿಬಯೋಟಿಕ್ ವಿಷಯದಲ್ಲಿ ಬ್ರಿಟಿಷರ ದಾರಿಯನ್ನು ಯುರೋಪೇ ತಿದ್ದಿಕೊಂಡಿದೆ. ಬತ್ತಿಸುವಾಗ ಎಲ್ಲ ಹಸುಗಳಿಗೂ ಕಣ್ಣುಮುಚ್ಚಿ ಔಷಧಿ ಏರಿಸುವುದನ್ನು ನೆದರ್ಲೆಂಡ್ಸ್ ಹಿಂದೆಯೇ ನಿಲ್ಲಿಸಿತು. 2022ರ ಜನವರಿಯಿಂದ ಯುರೋಪಿನ ಒಕ್ಕೂಟದ ನಿಯಮವೇ ಅಂಥ ವಾಡಿಕೆಯ ಬಳಕೆಗೆ ತಡೆ ಹಾಕಿದೆ. ಈಗ ಪರೀಕ್ಷೆಯಲ್ಲಿ ಸೋಂಕು ಕಂಡ ಹಸುವಿಗೆ ಮಾತ್ರ ಔಷಧಿ, ಉಳಿದವಕ್ಕೆ ಮೊಲೆಯ ತೂತು ಮುಚ್ಚುವ ಅಂಟು. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತಿರುಗಾಮುರುಗ. ಬತ್ತಿಸುವಾಗ ಕೊಡಬೇಕಾದವಕ್ಕೂ ಕೊಡುವವರು ಕಡಿಮೆ, ಬಾವು ಕಂಡಾಗ ಮೆಡಿಕಲ್ ಅಂಗಡಿಯಿಂದ ಟ್ಯೂಬು ತಂದು ಎರಡು ದಿನ ಹಾಕಿ ನಿಲ್ಲಿಸುವವರು ಹೆಚ್ಚು. ಔಷಧಿ ಹಾಕಿದ ಹಸುವಿನ ಹಾಲನ್ನು ನಿಗದಿತ ದಿನ ಡೇರಿಗೆ ಹಾಕಬಾರದು. ಚೆಲ್ಲಿದ ಹಾಲಿಗೆ ಯಾರೂ ದುಡ್ಡು ಕೊಡದ ಕಾರಣ ಹಾಕಿಬಿಡುವ ಆಸೆ ಇದ್ದೇ ಇದೆ. ಹೀಗೆ ಒಬ್ಬರ ಕ್ಯಾನು ಇಡೀ ಸಂಘದ ಹಾಲಿಗೆ ಸೇರುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾ ಸತ್ತು ಮೊಸರು ಕೂರದೆ ಹೋದಾಗ ನಷ್ಟ ಒಕ್ಕೂಟದ್ದು, ಔಷಧಿಗೆ ಬಗ್ಗದ ರೋಗಾಣು ಬೆಳೆದಾಗ ನಷ್ಟ ಎಲ್ಲರದು.

ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಲೋಳೆಸರ, ಅರಿಶಿನ, ಸುಣ್ಣ ಅರೆದು ಕೆಚ್ಚಲಿಗೆ ಮತ್ತೆ ಮತ್ತೆ ಹಚ್ಚುವ ಪಾರಂಪರಿಕ ಚಿಕಿತ್ಸೆಯನ್ನು ದೇಶದ ಹಲವು ಒಕ್ಕೂಟಗಳಲ್ಲಿ ಹರಡುತ್ತಿದೆ. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ. ಹಿತ್ತಿಲಲ್ಲೇ ಸಿಗುವ ಈ ಮದ್ದನ್ನು ಹಂಗಿಸುವ ಅಗತ್ಯವಿಲ್ಲ, ಆ್ಯಂಟಿಬಯೋಟಿಕ್ ಬಳಕೆ ತಗ್ಗಿದರೆ ಅದೇ ದೊಡ್ಡ ಲಾಭ. ಆದರೆ ಯಾವ ಬ್ಯಾಕ್ಟೀರಿಯಾಕ್ಕೆ ಎಷ್ಟು ಫಲ ಎಂಬುದನ್ನು ಹೋಲಿಕೆ ಗುಂಪು ಇಟ್ಟುಕೊಂಡು ಅಳೆದು ರೈತನ ಮುಂದಿಡಬೇಕು. ಹಸು ಜ್ವರ ಬಂದು ಮಲಗಿದಾಗ ಲೋಳೆಸರ ಅರೆಯುತ್ತ ಕೂರುವಂತಾಗಬಾರದು, ಪಶುವೈದ್ಯ ಸಹಾಯವಾಣಿ 1962ಕ್ಕೆ ಕರೆ ಮಾಡಬೇಕು.

ಈ ಇಡೀ ಅರ್ಥಶಾಸ್ತ್ರದಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಖರ್ಚು ಹೆಂಗಸರ ಹೊತ್ತು. ನಮ್ಮ ಹಳ್ಳಿಗಳಲ್ಲಿ ಸಗಣಿ ಬಾಚುವುದು, ಮೈ ತೊಳೆಯುವುದು, ಬಹುಪಾಲು ಕರೆಯುವುದು ಅವರೇ. ಮೊಲೆ ಅದ್ದುವುದು, ತಟ್ಟೆಯಲ್ಲಿ ಹಾಲು ತಿರುಗಿಸುವುದು, ಹಸು ಮಲಗದಂತೆ ನೋಡುವುದು ಎಲ್ಲವೂ ಬೆಳಗಿನ ಆ ಒಂದು ಗಂಟೆಗೇ ಸೇರಬೇಕು. ಮಕ್ಕಳ ಶಾಲೆಯ ಡಬ್ಬಿ ಕಟ್ಟುವುದೂ ಅದೇ ಗಂಟೆಯಲ್ಲಿ. ತರಬೇತಿಯ ಕುರ್ಚಿಗಳಲ್ಲಿ ಮಾತ್ರ ಗಂಡಸರು ಕೂತಿರುತ್ತಾರೆ, ಸದಸ್ಯತ್ವವೂ ಬ್ಯಾಂಕ್ ಖಾತೆಯೂ ಎಷ್ಟೋ ಮನೆಗಳಲ್ಲಿ ಅವರ ಹೆಸರಲ್ಲೇ ಇರುತ್ತದೆ. ಕೆಲಸ ಹೆಚ್ಚಾಗುವುದು ಒಬ್ಬರಿಗೆ, ಹಣ ಬರುವುದು ಇನ್ನೊಬ್ಬರಿಗೆ ಆದಾಗ ಯಾವ ಯೋಜನೆಯೂ ಆರು ತಿಂಗಳು ದಾಟುವುದಿಲ್ಲ. ರಾಜ್ಯದಲ್ಲಿ ಮಹಿಳೆಯರೇ ನಡೆಸುವ ಹಾಲು ಉತ್ಪಾದಕರ ಸಂಘಗಳಿವೆ. ಕೆಚ್ಚಲ ಆರೋಗ್ಯದ ಕೆಲಸ ಅಲ್ಲಿಂದ ಶುರುವಾಗುವುದೇ ಸರಿ, ಅಲ್ಲಿ ಕರೆಯುವ ಕೈಗೂ ಬಟವಾಡೆಗೂ ನಡುವೆ ದೂರ ಕಡಿಮೆ.

ಇದಕ್ಕೆಲ್ಲ ಹಣ ಎಲ್ಲಿಂದ? ಒಕ್ಕೂಟಕ್ಕೂ ಇದರಲ್ಲಿ ಲಾಭವಿದೆ. ಸೋಂಕಿತ ಹಾಲಿನಲ್ಲಿರುವ ಪ್ಲಾಸ್ಮಿನ್ ಎಂಬ ಕಿಣ್ವ ಪಾಶ್ಚರೀಕರಣದ ಬಿಸಿಗೂ ನಾಶವಾಗದೆ ಕೇಸೀನನ್ನು ಒಡೆಯುತ್ತಲೇ ಇರುತ್ತದೆ. ಅಂಥ ಹಾಲಿನಿಂದ ಪನೀರ್, ಚೀಸ್ ಕಡಿಮೆ ಬರುತ್ತದೆ, ಪ್ಯಾಕೆಟ್ ಬೇಗ ಕೆಡುತ್ತದೆ. ಆ ಉಳಿತಾಯದ ಒಂದು ಪಾಲು ಹಳ್ಳಿಗೆ ಹಿಂತಿರುಗಬೇಕು. ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಅದನ್ನು ಮುಟ್ಟದೆ, ಮುಂದೆ ಏರಿಸುವಾಗ ಏರಿಸಿದ ಭಾಗದಲ್ಲಿ ಸ್ವಲ್ಪವನ್ನು ಸಂಘದ ಬಲ್ಕ್ ಕೂಲರಿನ ಜೀವಕೋಶ ಎಣಿಕೆಗೆ ಜೋಡಿಸಬಹುದು. ಎಣಿಕೆ ಇಳಿದ ಸಂಘಕ್ಕೆ ಬೋನಸ್, ಅದು ಎಲ್ಲ ಸದಸ್ಯರಿಗೂ ಹಂಚಿಕೆ. ಮನೆಮನೆಯ ಹಾಲಿಗೆ ಪ್ರತ್ಯೇಕ ಎಣಿಕೆ ದುಬಾರಿ. ಆದರೆ ತಿಂಗಳಿಗೊಮ್ಮೆ ಒಬ್ಬ ತರಬೇತಾದ ಹುಡುಗಿ ತಟ್ಟೆ ಹಿಡಿದು ಕೊಟ್ಟಿಗೆಗಳಿಗೆ ಹೋಗಿ ಬರುವುದು ದುಬಾರಿಯಲ್ಲ.

ಡಚ್ ಸಂಶೋಧಕರ ಇನ್ನೊಂದು ಅಧ್ಯಯನ ಇದಕ್ಕೆ ಎದುರಾಗಿ ನಿಲ್ಲುತ್ತದೆ. ರೈತರನ್ನು ಬೋನಸ್‌ಗಿಂತ ದಂಡವೇ ಹೆಚ್ಚು ಕದಲಿಸುತ್ತದೆ ಎಂದು ಅದು ಕಂಡುಕೊಂಡಿತು. ಅದು ನೂರು ಹಸುವಿನ, ಯಂತ್ರದಲ್ಲಿ ಕರೆಯುವ, ಸೋತರೆ ಸಾಲ ಸಿಗುವ ರೈತರ ವಿಷಯ. ಎರಡು ಹಸುವಿನ ಮನೆಯಲ್ಲಿ ಒಂದಕ್ಕೆ ಬಾವು ಬಂದರೆ ಅರ್ಧ ಆದಾಯವೇ ಹೋದಂತೆ. ಅದರ ಮೇಲೆ ದಂಡ ಬಿದ್ದರೆ ಅವರು ಹಾಲನ್ನು ಎಣಿಕೆ ಕೇಳದ ಹೋಟೆಲಿಗೋ ಖಾಸಗಿ ಡೇರಿಗೋ ಹಾಕುತ್ತಾರೆ. ರೋಗ ಹಾಗೇ ಉಳಿಯುತ್ತದೆ, ಸಂಘದ ಲೆಕ್ಕದಿಂದ ಮಾತ್ರ ಕಣ್ಮರೆಯಾಗುತ್ತದೆ. ಎಲ್ಲರ ಕೈಗೂ ಅಯೋಡಿನ್ ಮತ್ತು ತಟ್ಟೆ ತಲುಪಿ ಎರಡು ಸೂಲು ಕಳೆದ ಮೇಲೆ ದಂಡದ ಮಾತು ಎತ್ತಿದರೆ ಅದಕ್ಕೆ ಅರ್ಥವಿದೆ.

ಇಡೀ ರಾಜ್ಯದಲ್ಲಿ ಒಂದೇ ದಿನ ಯೋಜನೆ ಉದ್ಘಾಟಿಸುವ ಅವಸರವೂ ಬೇಡ. ಕೋಲಾರದಲ್ಲೋ ಹಾಸನದಲ್ಲೋ ಒಂದು ಒಕ್ಕೂಟ ಇಪ್ಪತ್ತು ಸಂಘಗಳನ್ನು ಆರಿಸಿಕೊಳ್ಳಲಿ. ಹತ್ತರಲ್ಲಿ ಸಗಟು ದರದ ಅಯೋಡಿನ್, ತಿಂಗಳ ತಟ್ಟೆ ಪರೀಕ್ಷೆ, ಸೋಂಕು ಕಂಡ ಹಸುವಿಗೆ ಬತ್ತಿಸುವಾಗ ಚಿಕಿತ್ಸೆ, ಹಾಲು ಚೆಲ್ಲಬೇಕಾದ ದಿನಗಳಿಗೆ ಒಂದಿಷ್ಟು ಪರಿಹಾರ. ಇನ್ನು ಹತ್ತರಲ್ಲಿ ಈಗಿರುವಂತೆಯೇ. ಎರಡು ವರ್ಷ ಲೀಟರ್, ಎಸ್‌ಎನ್‌ಎಫ್, ಔಷಧಿಯ ಬಿಲ್ಲು, ಮಾರಿದ ಹಸುಗಳು, ಕೆಲಸಕ್ಕೆ ಹಿಡಿದ ಹೊತ್ತು ಎಲ್ಲವನ್ನೂ ನಿವೇದಿಯಂಥ ಸಂಸ್ಥೆ ಬರೆದಿಡಲಿ. ಮೇಲೆ ಹಾಕಿದ ಊರಿನ ಲೆಕ್ಕದಲ್ಲಿ 330 ನಿಜವೋ 1,330 ನಿಜವೋ ಆಗ ತಿಳಿಯುತ್ತದೆ. ಆ ಅಂಕಿಗಳನ್ನು ವರದಿಯ ಕಡತದಲ್ಲಿ ಕಟ್ಟಿಡದೆ ಸಂಘಗಳ ವಾರ್ಷಿಕ ಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು, ಕೇಳಿದ ಮೇಲೆ ಸದಸ್ಯರೇ ತೀರ್ಮಾನಿಸಲಿ.